ಅರ್ಧ ಕ್ಷೌರ

ಭಾನುವಾರ ಬೆಳಿಗ್ಗೆ ಕುಡಿದು ಬಂದವರ ತಲೆಗೆ ಕತ್ತರಿ ಹಾಕುವುದಿಲ್ಲ ಎಂದು ನಮ್ಮ ಕೇರಿಯಲ್ಲಿ ಕಾನೂನು ಮಾಡಿದವನು ನಾನು. ಆ ಕಾನೂನಿಗೆ ಸಿಕ್ಕಿ ಕೇರಿಯೆದುರು ಮಾನ ಕಳೆದುಕೊಂಡವನೂ ನಾನೇ, ಅದೂ ಒಂದು ತೊಟ್ಟು ಕುಡಿಯದೆ. ಇಷ್ಟು ವರ್ಷವಾದರೂ ಆ ಬೆಳಿಗ್ಗೆಯನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ. ನಾಚಿಕೆಪಡುವಂಥದ್ದು ನಾನೇನೂ ಮಾಡಿರಲಿಲ್ಲ ಎಂದು ನನಗೂ ಗೊತ್ತು. ಗೊತ್ತಿದ್ದರೇನು, ನಾಚಿಕೆ ನ್ಯಾಯ ಕೇಳಿಕೊಂಡು ಬರುವುದಿಲ್ಲವಲ್ಲ.

ಮೊದಲು ಕತ್ತರಿಯ ವಿಷಯ ಹೇಳಿಬಿಡುತ್ತೇನೆ. ನಮ್ಮೂರು ಹಳೇಬೀಡಿಗೂ ಮಾದಿಹಳ್ಳಿಗೂ ನಡುವೆ ಇದೆ. ಊರಿನ ಕ್ಷೌರದವರು ನಮ್ಮ ಕೇರಿಯವರ ತಲೆ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಮಾರನೆಯ ದಿನ ಊರಿನವರು ಅವರ ಮುಂದೆ ಕೂರುತ್ತಿರಲಿಲ್ಲ, ಅವರ ಹೊಟ್ಟೆಪಾಡು ಅವರಿಗೆ. ಹಾಗಾಗಿ ನಮ್ಮಪ್ಪ ಎಲ್ಲಿಂದಲೋ ಒಂದು ಕತ್ತರಿ, ಬಾಚಣಿಗೆ, ಕೈಯಲ್ಲಿ ಒತ್ತುವ ಮಿಷನ್ನು ತಂದು, ತನ್ನ ತಮ್ಮಂದಿರ ತಲೆಯ ಮೇಲೆ ಕಲಿತು, ಕೇರಿಗೆಲ್ಲ ತಾನೇ ಕ್ಷೌರ ಮಾಡತೊಡಗಿದ. ಹೊಂಗೆಮರದ ಕೆಳಗೆ ಕೂರಲು ಒಂದು ಕಲ್ಲು, ಹೆಗಲಿಗೆ ಸುತ್ತಲು ಅವ್ವನ ಹಳೆಯ ಕರಿ ಸೀರೆಯ ತುಂಡು. ಅಷ್ಟೇ ನಮ್ಮ ಸೆಲೂನು.

ಅಪ್ಪ ಐವತ್ತು ಮುಟ್ಟುವ ಮೊದಲೇ ಹೋದ. ತಲೆನೋವು ಎಂದು ಮಧ್ಯಾಹ್ನ ಮಲಗಿದವನು ಏಳಲಿಲ್ಲ. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಣ್ಣನಿಗೆ ಹೊಸದಾಗಿ ಮದುವೆಯಾಗಿತ್ತು. ಅಣ್ಣನ ಕೈ ನೇಗಿಲಿಗೆ ಒಗ್ಗಿದ ಕೈ, ಕತ್ತರಿ ಹಿಡಿದರೆ ಕೂದಲಿನ ಜೊತೆ ಕಿವಿಯೂ ಬರುವ ಹಾಗೆ ಆಡುತ್ತಿತ್ತು. ಆದ್ದರಿಂದ ಕತ್ತರಿ ನನಗೆ ಬಂತು.

ಅಪ್ಪನ ಕಾಲದಿಂದಲೂ ಆ ಕಲ್ಲಿನ ಸುತ್ತ ಬೀಳುತ್ತಿದ್ದುದು ಕರಿ ಕೂದಲೇ. ನಮ್ಮ ಕೇರಿಯಲ್ಲಿ ಮುದುಕಿಯರು ಬೇಕಾದಷ್ಟಿದ್ದರು, ಮುದುಕರಿರಲಿಲ್ಲ. ಗಂಡಸರು ಕೆಲಸ ಮಾಡುತ್ತ ಮಾಡುತ್ತ ಒಂದು ದಿನ ಹೋಗಿಬಿಡುತ್ತಿದ್ದರು. ಎದೆ ಹಿಡಿಯಿತಂತೆ, ತಲೆ ಸುತ್ತಿತಂತೆ, ಗಾಳಿ ಸೋಕಿತಂತೆ ಎಂದು ಏನೋ ಒಂದು ಹೇಳುತ್ತಿದ್ದರು. ಅದು ನಮಗೆ ವಿಚಿತ್ರ ಎಂದೇ ತೋರುತ್ತಿರಲಿಲ್ಲ. ಊರೊಳಗೆ ಜಗಲಿಗಳ ಮೇಲೆ ಕೂತಿರುತ್ತಿದ್ದ ಹಲ್ಲಿಲ್ಲದ ಅಜ್ಜಂದಿರನ್ನು ಕಂಡರೆ, ಅವರ ಮನೆಗಳಲ್ಲಿ ಅಜ್ಜಂದಿರಿರುತ್ತಾರೆ, ನಮ್ಮ ಮನೆಗಳಲ್ಲಿ ಇರುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದೆವು.

ನಾನು ಓದಿ ಡ್ರಿಲ್ ಮೇಷ್ಟ್ರಾದೆ. ಮೊದಲು ಕೆಲಸ ಸಿಕ್ಕಿದ್ದು ಅರಸೀಕೆರೆಯಲ್ಲಿ. ರೈಲ್ವೆ ಸ್ಟೇಷನ್ನಿನ ಹತ್ತಿರದ ಸೆಲೂನಿನಲ್ಲಿ ಮೊದಲ ಸಲ ತಿರುಗುವ ಕುರ್ಚಿಯ ಮೇಲೆ ಕೂತಾಗ, ಅವನು ಎಲ್ಲಿ ನಿಮ್ಮದು ಯಾವೂರು, ಯಾರ ಮನೆ ಎಂದು ಕೇಳಿಬಿಡುತ್ತಾನೋ ಎಂದು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನ ಹಾಗೆ ನಟಿಸಿದೆ. ಅವನು ಏನೂ ಕೇಳಲಿಲ್ಲ. ಕನ್ನಡಿಯಲ್ಲಿ ನನ್ನ ತಲೆ ಚೆಂದವಾಗಿ ಕಂಡಿತು, ನನ್ನ ನಟನೆ ಮಾತ್ರ ನನಗೇ ಅಸಹ್ಯವಾಗುವಂತಿತ್ತು. ಎರಡನೆಯ ಸಲ ಆ ಅಂಗಡಿಗೆ ಹೋಗಲಿಲ್ಲ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಊರಿಗೆ ಬಂದು, ನಾನಿಲ್ಲದಾಗ ಕತ್ತರಿ ಹಿಡಿಯುತ್ತಿದ್ದ ಚಿಕ್ಕಪ್ಪನ ಮುಂದೆ ತಲೆ ಬಗ್ಗಿಸುತ್ತಿದ್ದೆ. ಆಮೇಲೆ ಹಳೇಬೀಡಿಗೆ ವರ್ಗವಾಯಿತು. ಕೇರಿಯಲ್ಲೇ ಮನೆ ಮಾಡಿದೆ. ಭಾನುವಾರದ ಕತ್ತರಿ ಮತ್ತೆ ನನ್ನ ಕೈಗೆ ಬಂತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನೂ ನನ್ನ ಹೆಂಡತಿಯೂ ಬುದ್ಧನ ದೀಕ್ಷೆ ತೆಗೆದುಕೊಂಡೆವು. ಅಣ್ಣ ತನ್ನ ಮನೆದೇವರನ್ನು ಬಿಡಲಿಲ್ಲ, ನಾನೂ ಬಿಡಿಸಲು ಹೋಗಲಿಲ್ಲ. ಮಾದಕ ವಸ್ತು ಮುಟ್ಟುವುದಿಲ್ಲ ಎಂದು ಎಲ್ಲರೆದುರು ಕೈಮುಗಿದು ಹೇಳಿದ್ದೆ, ಆ ಮಾತಿನಂತೆ ನಡೆದೆ. ನಡೆದದ್ದಷ್ಟೇ ಆಗಿದ್ದರೆ ಚೆನ್ನಾಗಿತ್ತು. ಬೇರೆಯವರನ್ನೂ ನಡೆಸಲು ಹೊರಟೆ. ಡ್ರಿಲ್ ಮೇಷ್ಟ್ರ ಬುದ್ಧಿ, ಸಾಲು ಸೊಟ್ಟಗಿದ್ದರೆ ತಡೆಯುವುದಿಲ್ಲ. ಹೊಂಗೆಮರದ ಕೆಳಗೆ ನಿಂತು, ಬಂದವರ ಬಾಯಿ ವಾಸನೆ ನೋಡಿಯೇ ಕಲ್ಲಿನ ಮೇಲೆ ಕೂರಿಸುತ್ತಿದ್ದೆ. ಕೇರಿಯ ತುದಿಮನೆಯ ಗಾರೆ ಕೆಲಸದವನೊಬ್ಬನನ್ನು, ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನವೇ, ವಾಸನೆ ಬಂತೆಂದು ಎಬ್ಬಿಸಿ ಕಳಿಸಿದ್ದೆ. ಅವನು ಕೆದರಿದ ತಲೆಗೆ ನೀರು ಹಚ್ಚಿ ಬಾಚಿಕೊಂಡು ನೆಂಟರ ಮುಂದೆ ಕೂತನಂತೆ. ಜನ ನನ್ನ ಹಿಂದೆ ಬೈಯುತ್ತಿದ್ದರು, ಮುಂದೆ ಹೆದರುತ್ತಿದ್ದರು. ನನಗದು ಸಾಕಾಗಿತ್ತು.

ನನ್ನ ಮೈ ಬಗ್ಗೆ ನನಗೆ ಬಹಳ ಜಂಬವಿತ್ತು. ನಲವತ್ತರ ಹತ್ತಿರ ಬಂದರೂ ಹುಡುಗರ ಜೊತೆ ಕಬಡ್ಡಿ ಆಡಿ ಗೆಲ್ಲುತ್ತಿದ್ದೆ. ಆಸ್ಪತ್ರೆ ಎನ್ನುವುದು ಹೆಂಗಸರು ಹೆರಿಗೆಗೆ, ಮಕ್ಕಳು ಚುಚ್ಚುಮದ್ದಿಗೆ ಹೋಗುವ ಜಾಗ ಎಂದೇ ತಿಳಿದಿದ್ದೆ. ಕೇರಿಯ ಗಂಡಸರೆಲ್ಲ ಹಾಗೆಯೇ ತಿಳಿದಿದ್ದರು. ಕಾಲು ಮುರಿದರೆ ಸರಿ, ಕಣ್ಣಿಗೆ ಕಾಣುತ್ತದೆ. ಕಾಣದ ಕಾಯಿಲೆಗೆ ಡಾಕ್ಟರ ಮುಂದೆ ಅಂಗಿ ಬಿಚ್ಚುವುದೆಂದರೆ ಗಂಡಸುತನವನ್ನೇ ಬಿಚ್ಚಿಟ್ಟ ಹಾಗೆ.

ಆ ಭಾನುವಾರ ಕಲ್ಲಿನ ಮೇಲೆ ಅಣ್ಣ ಕೂತಿದ್ದ. ಸುತ್ತ ಸರದಿಗೆ ಕಾದ ಗಂಡಸರು ಬೀಡಿ ಸೇದುತ್ತ ಚುನಾವಣೆಯ ಮಾತಾಡುತ್ತಿದ್ದರು. ಅಣ್ಣನ ತಲೆಯ ಬಲಭಾಗ ಮುಗಿಸಿ ಎಡಕ್ಕೆ ಬಂದಿದ್ದೆ. ಕತ್ತರಿ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಕೈ ನನ್ನದಲ್ಲವೇನೋ ಎನ್ನಿಸಿತು. 'ಅಣ್ಣಾ, ಸ್ವಲ್ಪ ತಡಿ' ಎನ್ನಲು ಬಾಯಿ ತೆರೆದೆ. ಬಂದದ್ದು ಮಾತಲ್ಲ, ಒಂದು ಬಗೆಯ ತೊದಲು. ಎಂಜಲು ಗದ್ದಕ್ಕೆ ಇಳಿಯಿತು. ಒಂದು ಹೆಜ್ಜೆ ಇಡಲು ಹೋಗಿ ಅಣ್ಣನ ಬೆನ್ನಿನ ಮೇಲೆ ವಾಲಿದೆ.

ಯಾರೋ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು.

"ಮೇಷ್ಟ್ರು ಇವತ್ತು ಬೆಳಿಗ್ಗೆನೇ ಆಕವ್ರೆ ಕಣ್ರೋ!"

"ನಮ್ಮ ಬಾಯಿ ಮೂಸ್ತಿದ್ರಲ್ಲ, ಈಗ ಇವರ್ದು ಯಾರು ಮೂಸೋದು?"

ನಾನು ಇಲ್ಲ ಇಲ್ಲ ಎನ್ನುತ್ತಿದ್ದೆ. ನನ್ನ ಕಿವಿಗೇ ಅದು ಕುಡುಕನ ದನಿಯಂತೆ ಕೇಳುತ್ತಿತ್ತು. ಅಣ್ಣ ಎದ್ದು ತಿರುಗಿ ನನ್ನ ಮುಖ ನೋಡಿದ. ಅವನ ಮುಖ ಕಪ್ಪಿಟ್ಟಿತು. ತಲೆಯ ಒಂದು ಕಡೆ ಕತ್ತರಿಸಿದ, ಇನ್ನೊಂದು ಕಡೆ ಪೊದೆಯಂಥ ಕೂದಲಿನಲ್ಲಿ ಅವನು ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಕೇರಿಯ ನಡುವೆಯೇ ಮನೆಗೆ ಹೊತ್ತು ತಂದ. ಕರಿ ಸೀರೆಯ ತುಂಡು ಇನ್ನೂ ಅವನ ಕೊರಳಲ್ಲೇ ಇತ್ತು.

"ಬಾಗ್ಲಾಕ್ಕಳವ್ವಾ," ಎಂದ ನನ್ನ ಹೆಂಡತಿಗೆ. "ಯಾರೂ ನೋಡೋದು ಬ್ಯಾಡ. ಸಂಜೆಗೆ ಇಳಿತದೆ."

ಅವಳು ಬಾಗಿಲು ಹಾಕಿದಳು, ಕಿಟಕಿಯನ್ನೂ ಮುಚ್ಚಿದಳು. ನೀರು ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಕುಡಿಸಲು ನೋಡಿದಳು. ಅರ್ಧ ಬಾಯಿಂದ ಆಚೆ ಬಂತು. ಬಿಂದಿಗೆಯಲ್ಲಿ ತಣ್ಣೀರು ತಂದು ತಲೆಗೆ ಸುರಿದಳು. "ಇಷ್ಟು ವರ್ಷ ಆದ್ಮೇಲೆ ಯಾಕ್ರೀ ಹಿಂಗ್ ಮಾಡಿದ್ರಿ? ಜನ್ರ ಮುಂದೆ ನಾನು ಎಂಗ್ರೀ ತಲೆ ಎತ್ಲಿ?" ಎಂದು ಅಳುತ್ತ ಮುಖ ಒರೆಸಿದಳು. ನನಗೆ ಎಲ್ಲವೂ ಕೇಳುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು. ಹೇಳಲು ಬಾಯಿಲ್ಲ, ಸನ್ನೆ ಮಾಡಲು ಬಲಗೈ ಇಲ್ಲ. ಬಿಸಿಲು ಏರಿದ ಮೇಲೆ ಪಂಚೆ ಒದ್ದೆಯಾಯಿತು. ನನ್ನ ಹೆಂಡತಿ ಅದನ್ನು ನೋಡಿ ಆಚೆ ತಿರುಗಿಕೊಂಡಳು. ಸಾಯುತ್ತೇನೆಂಬ ಹೆದರಿಕೆ ಆ ಹೊತ್ತಿನಲ್ಲಿ ನನಗಿರಲಿಲ್ಲ. ಕುಡುಕ ಎನ್ನಿಸಿಕೊಂಡು ಸಾಯುತ್ತೇನಲ್ಲ ಎಂಬ ನಾಚಿಕೆಯೊಂದೇ ಇತ್ತು.

ಹೊತ್ತಿಳಿಯುವಾಗ ಅವಳು ಬಟ್ಟೆ ಬದಲಾಯಿಸಲು ಬಗ್ಗಿದಳು. ಏನು ಹೊಳೆಯಿತೋ, ನನ್ನ ಬಾಯಿಯ ಹತ್ತಿರ ಮೂಗು ತಂದಳು. ನಾನು ಭಾನುವಾರದ ಭಾನುವಾರ ಕೇರಿಯವರಿಗೆ ಮಾಡುತ್ತಿದ್ದುದನ್ನೇ ಅವಳು ನನಗೆ ಮಾಡಿದಳು. ಒಮ್ಮೆ ಮೂಸಿದಳು, ನಂಬಿಕೆ ಬರದೆ ಇನ್ನೊಮ್ಮೆ ಮೂಸಿದಳು. ನಿಂಬೆಹಣ್ಣಿನ ವಾಸನೆ ಬಿಟ್ಟು ಅಲ್ಲಿ ಬೇರೇನೂ ಇರಲಿಲ್ಲ.

"ಭಾವಾ!" ಎಂದು ಅವಳು ಕಿರುಚಿದ್ದು ಹೊಂಗೆಮರದವರೆಗೂ ಕೇಳಿಸಿತಂತೆ. "ಇವ್ರು ಕುಡ್ದಿಲ್ಲ! ಇವ್ರು ಕುಡ್ದೇ ಇಲ್ಲ!"

ಹಾಲಿನ ಟೆಂಪೊದಲ್ಲಿ ಕ್ಯಾನುಗಳ ನಡುವೆ ಮಲಗಿಸಿಕೊಂಡು ಬೇಲೂರಿಗೆ ಒಯ್ದರು. ಅಲ್ಲಿನ ಡಾಕ್ಟರು ನೋಡಿ, ಲಕ್ವ ಹೊಡೆದಿದೆ, ಬಿ.ಪಿ. ವಿಪರೀತ ಇದೆ ಎಂದು ಹಾಸನಕ್ಕೆ ಕಳಿಸಿದರು. ಯಾವಾಗ ಆಯಿತು ಎಂದು ಕೇಳಿದ್ದಕ್ಕೆ ನನ್ನ ಹೆಂಡತಿ ಬೆಳಿಗ್ಗೆ ಎಂದಳು. "ಬೆಳಿಗ್ಗೆ ಆಗಿದ್ದಕ್ಕೆ ಈಗ ಬರ್ತೀರಲ್ಲಮ್ಮ, ಇಷ್ಟು ಹೊತ್ತು ಏನು ಮಾಡ್ತಿದ್ರಿ?" ಎಂದು ಅವರು ಗದರಿದರು. ಅವಳು ನೆಲ ನೋಡಿದಳು. ಮಜ್ಜಿಗೆ ಕುಡಿಸುತ್ತಿದ್ದೆವು ಎಂದು ಹೇಗೆ ಹೇಳುವುದು?

ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಣ್ಣ ನನ್ನ ಮಂಚದ ಹತ್ತಿರ ಬರಲಿಲ್ಲ. ಅತ್ತಿಗೆ ಮಾಡಿ ಕಳಿಸಿದ ಮುದ್ದೆ, ಸೊಪ್ಪಿನ ಸಾರನ್ನು ದಿನಾ ಬಸ್ಸಿನಲ್ಲಿ ತರುತ್ತಿದ್ದ. ಗೇಟಿನ ಆಚೆ ನಿಂತು ನನ್ನ ಹೆಂಡತಿಯ ಕೈಗೆ ಕೊಡುತ್ತಿದ್ದ. ಸಂಜೆಯವರೆಗೂ ಅಲ್ಲೇ ಮರದ ಕೆಳಗೆ ಕೂತಿದ್ದು ವಾಪಸು ಹೋಗುತ್ತಿದ್ದ. ತಲೆಗೆ ಟವಲು ಬಿಗಿದುಕೊಂಡಿರುತ್ತಿದ್ದನಂತೆ. ಎಂಜಲು ಸುರಿಸುವ ತಮ್ಮನ ಮುಖ ನೋಡಲು ನಾಚಿಕೆ ಅವನಿಗೆ ಎಂದುಕೊಂಡೆ. ಗೋಡೆ ಕಡೆ ತಿರುಗಿ ಅತ್ತೆ. ಅರ್ಧ ಮುಖ ಮಾತ್ರ ಅಳುತ್ತಿತ್ತು, ಇನ್ನರ್ಧ ತನಗೇನೂ ಗೊತ್ತಿಲ್ಲದ ಹಾಗೆ ಇತ್ತು.

ಮನೆಗೆ ಬಂದ ದಿನ ಅಣ್ಣ ಬಂದ. ನನ್ನೆದುರು ಕೂತು ಟವಲು ಬಿಚ್ಚಿದ. ಬಲಗಡೆ ಗಿಡ್ಡ, ಎಡಗಡೆ ಉದ್ದ. ನಾನು ಬಿಟ್ಟ ಜಾಗದಲ್ಲೇ ಇತ್ತು ಕ್ಷೌರ.

"ಬೇಲೂರಲ್ಲಿ ಮಾಡಿಸ್ಕಳ್ಳದಲ್ವಾ?" ಎಂದೆ. ಆಗ ನನ್ನ ಮಾತು ಸ್ವಲ್ಪ ಸ್ವಲ್ಪ ಬರುತ್ತಿತ್ತು, ಒಂದೊಂದು ಅಕ್ಷರಕ್ಕೂ ಹೆಣಗಬೇಕಿತ್ತು.

"ನೀನ್ ಶುರು ಮಾಡಿದ್ದು. ನೀನೇ ಮುಗ್ಸು," ಎಂದ. "ಅವಸ್ರ ಏನಿಲ್ಲ."

ಬಲಗೈಯನ್ನು ಎತ್ತಲು ನೋಡಿದೆ. ಅದು ತೊಡೆಯ ಮೇಲೆ ಮಲಗಿತ್ತು. ಅಣ್ಣ ಮತ್ತೆ ಟವಲು ಸುತ್ತಿಕೊಂಡು ಹೋದ. ಇಡೀ ಕೇರಿ ಅವನನ್ನು ನೋಡಿ ನಗುತ್ತಿತ್ತು. ಅವನು ಆ ನಗುವನ್ನು ನನಗಾಗಿ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಾನೆ ಎಂದು ಹೊಳೆಯಲು ನನಗೆ ಸುಮಾರು ಹೊತ್ತು ಬೇಕಾಯಿತು.

ಕೋಲು ಹಿಡಿದು ನಡೆಯುವಂತಾದ ಮೇಲೆ ಸ್ಕೂಲಿಗೆ ಹೋದೆ. ಪ್ರಾರ್ಥನೆಗೆ ಹುಡುಗರು ಸಾಲಾಗಿ ನಿಂತಿದ್ದರು. ಅಭ್ಯಾಸಬಲದಿಂದ ಸೀಟಿಯನ್ನು ಬಾಯಿಗಿಟ್ಟು ಊದಿದೆ. ಸೊಟ್ಟ ತುಟಿಯ ಒಂದು ಬದಿಯಿಂದ ಗಾಳಿಯೆಲ್ಲ ಸೋರಿಹೋಯಿತು. ಸೀಟಿ ಕೂಗಲಿಲ್ಲ. ಹುಡುಗರು ನಗಲಿಲ್ಲ, ಎಲ್ಲರೂ ತಮ್ಮ ಕಾಲ್ಬೆರಳು ನೋಡಿಕೊಂಡರು. ನಕ್ಕಿದ್ದರೆ ಗದರಿಯಾದರೂ ಮಾನ ಉಳಿಸಿಕೊಳ್ಳುತ್ತಿದ್ದೆ. ಹೆಡ್‌ಮಾಸ್ಟರು ನನ್ನನ್ನು ಲೈಬ್ರರಿಗೆ ಕೂರಿಸಿದರು. ಲೈಬ್ರರಿ ಎಂದರೆ ಎರಡು ಬೀರು, ಒಂದು ಕುರ್ಚಿ.

ಹಾಸನದ ಡಾಕ್ಟರು ಬಿಡುಗಡೆ ಮಾಡುವಾಗ ನನ್ನ ತಂದೆ ಹೇಗೆ ತೀರಿಕೊಂಡರು ಎಂದು ಕೇಳಿದ್ದರು. ತಲೆನೋವಿನ ಕಥೆ ಕೇಳಿ, "ಅವರಿಗೂ ಇದೇ ಇದ್ದಿರಬೇಕು. ಅಣ್ಣ ಇದ್ದಾರಲ್ಲ, ಅವರ ಬಿ.ಪಿ. ಮೊದಲು ನೋಡಿಸಿ. ನಿಮಗೆ ಎಚ್ಚರಿಕೆ ಸಿಕ್ಕಿದೆ, ಅವರಿಗೆ ಸಿಗದೇ ಹೋಗಬಹುದು," ಎಂದಿದ್ದರು. ಅಷ್ಟರಲ್ಲಿ ಅತ್ತಿಗೆ ನನ್ನ ಹೆಂಡತಿಯ ಹತ್ತಿರ ಗುಟ್ಟಾಗಿ ಹೇಳಿದಳು: ಗದ್ದೆಯಲ್ಲಿ ನಾಟಿ ಮಾಡುವಾಗ ಅಣ್ಣ ತಲೆ ಹಿಡಿದುಕೊಂಡು ಬದುವಿನ ಮೇಲೆ ಕೂರುತ್ತಾನೆ, ಕೇಳಿದರೆ ಬಿಸಿಲು ಎನ್ನುತ್ತಾನೆ, ಮೋಡ ಮುಚ್ಚಿದ ದಿನವೂ ಬಿಸಿಲು ಎನ್ನುತ್ತಾನೆ. ಅಣ್ಣ ಆಗ ಅಪ್ಪ ಸತ್ತ ವಯಸ್ಸಿನ ಹತ್ತಿರ ಬಂದಿದ್ದ. ನನಗೆ ಅನ್ನ ಸೇರದಂತಾಯಿತು.

ಆಸ್ಪತ್ರೆಗೆ ಬಾ ಎಂದು ಅಣ್ಣನನ್ನು ಬೇಡಿದೆ. ಬೈದೆ. ಮಾತು ತೊದಲುವವನು ಬೈದರೆ ಏನು ಚೆಂದ, ನಾನು ಬೈದು ಮುಗಿಸುವಷ್ಟರಲ್ಲಿ ಅವನು ಎಮ್ಮೆ ಕರೆದು ಮುಗಿಸುತ್ತಿದ್ದ.

"ನಂಗೇನಾಗೈತ್ಲಾ? ಗುಂಡ್ಕಲ್ಲಂಗಿವ್ನಿ. ಆಸ್ಪತ್ರೆ ಮೆಟ್ಲು ಮಾತ್ರ ಅತ್ತಲ್ಲ. ಅದೊಂದು ಬುಟ್ಟು ಬ್ಯಾರೆ ಏನಾರ ಹೇಳು."

ಅವನು ಹತ್ತುವುದಿಲ್ಲವಾದರೆ ಆಸ್ಪತ್ರೆಯೇ ಇಳಿದು ಬರಲಿ ಎಂದು ಹಟ ಹಿಡಿದೆ. ಆರೋಗ್ಯ ಕೇಂದ್ರದ ನರ್ಸೊಬ್ಬರು ನನ್ನ ಬಿ.ಪಿ. ನೋಡಲು ಆಗಾಗ ಮನೆಗೆ ಬರುತ್ತಿದ್ದರು. ಅರೇಹಳ್ಳಿ ಕಡೆಯವರು, ನಮ್ಮವರಲ್ಲ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನಗುವುದು ಕಡಿಮೆ. ಭಾನುವಾರ ರಜೆಯಾದರೂ ಒಂದು ಬೆಳಿಗ್ಗೆ ಹೊಂಗೆಮರದ ಹತ್ತಿರ ಬಂದು ಕೇರಿಯ ಗಂಡಸರ ಬಿ.ಪಿ. ನೋಡುತ್ತೀರಾ ಎಂದು ಕೇಳಿದೆ. "ಕ್ಷೌರ ಮಾಡೋ ಜಾಗದಲ್ಲಾ ಸಾರ್?" ಎಂದರು. ನಮ್ಮ ಗಂಡಸರು ಕೈಕಾಲು ಸುಮ್ಮನಿಟ್ಟುಕೊಂಡು ಕೂರುವುದು ಅಲ್ಲಿ ಮಾತ್ರ ಎಂದೆ. ಬಂದರು.

ನಾನು ಬಿದ್ದ ಮೇಲೆ ಅಲ್ಲಿ ಕ್ಷೌರ ನಿಂತಿರಲಿಲ್ಲ. ಚಿಕ್ಕಪ್ಪನ ಮಗನೊಬ್ಬ ಕತ್ತರಿ ಹಿಡಿದಿದ್ದ. ನರ್ಸಮ್ಮ ಪೆಟ್ಟಿಗೆ ತೆರೆದು ಪಾದರಸದ ಗಾಜಿನ ಕೊಳವೆ ನಿಲ್ಲಿಸುತ್ತಿದ್ದಂತೆ ಒಬ್ಬನಿಗೆ ದನ ಬಿಡಬೇಕಾಯಿತು, ಒಬ್ಬನಿಗೆ ಸಂತೆ ನೆನಪಾಯಿತು. ಉಳಿದವರು ತೋಳನ್ನು ಅಂಗಿಯೊಳಗೆ ಎಳೆದುಕೊಂಡು ನಿಂತರು. ಅಣ್ಣ ದೂರದಲ್ಲಿ, ತಲೆಗೆ ಟವಲು ಸುತ್ತಿಕೊಂಡು, ಹೊರಡಲೂ ಆಗದೆ ನಿಲ್ಲಲೂ ಆಗದೆ ಇದ್ದ.

ಆ ಬೆಳಿಗ್ಗೆ ಮಾತಾಡಬೇಕೆಂದು ನಾನು ಹೋಗಿರಲಿಲ್ಲ. ಹೆಂಗಸರ ಮುಂದೆ ಬಟ್ಟೆ ಬಿಚ್ಚಿದಷ್ಟು ನಾಚಿಕೆ ನನಗೆ ಆಗ ಮಾತಾಡಲು. ಆದರೆ ಯಾರೂ ಮುಂದೆ ಬರುತ್ತಿರಲಿಲ್ಲ. ಕೋಲೂರಿಕೊಂಡು ಹೋಗಿ ಕಲ್ಲಿನ ಮೇಲೆ ಕೂತೆ. ತೋಳು ಚಾಚಿದೆ. ನರ್ಸಮ್ಮ ಪಟ್ಟಿ ಸುತ್ತಿ ಗಾಳಿ ಒತ್ತುತ್ತಿದ್ದಂತೆ ಹೇಳಿದೆ:

"ಅವತ್ತು ನಾನು ಕುಡ್ದಿರ್ಲಿಲ್ಲ."

ಇಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತು! 'ಕುಡ್ದಿರ್ಲಿಲ್ಲ' ಎನ್ನುವುದು ನಾಲಗೆಯ ಮೇಲೆ ಎರಡು ಸಲ ಮುಗ್ಗರಿಸಿತು. ಎಂಜಲು ಬಂತು, ಎಡಗೈಯಿಂದ ಒರೆಸಿಕೊಂಡೆ. "ಇದು ಕಾಯಿಲೆ. ಅಪ್ಪನಿಗೂ ಇದೇ. ನಮ್ಮ ಕೇರಿಯೋರು ಸುಮಾರು ಜನ ಇದ್ರಲ್ಲೇ ಹೋಗವ್ರೆ. ನೋಡ್ಕಳಿ," ಎಂದೆ. ಕೇಳುತ್ತಿದ್ದವರ ಮುಖ ನೋಡಲಿಲ್ಲ.

ನಾನು ಹಿಂದೆ ಎಬ್ಬಿಸಿ ಕಳಿಸಿದ್ದ ಗಾರೆಯವನು ಬಾಯಿ ಬಿಟ್ಟ.

"ಗೊತ್ತು ಮೇಷ್ಟ್ರೇ. ಎಲ್ಲಾರ್ಗೂ ಗೊತ್ತು. ಕುಡ್ದಿದ್ರೇ ಚೆಂದಾಗಿತ್ತು, ಸಂಜೆಗೆ ಇಳ್ದೋಗದು." ಹಾಗೆಂದು ಬಂದು, ನಾನು ಎದ್ದ ಕಲ್ಲಿನ ಮೇಲೆ ಕೂತು, ಅಂಗಿಯ ತೋಳು ಮಡಚಿದ. "ನೋಡಿ ಸಿಸ್ಟ್ರಮ್ಮಾ. ನಂದು ಅದ್ಲು ಬದ್ಲು ಮಾಡಿ ಯೋಳ್ಬೇಡಿ ಮತ್ತೆ, ಇದ್ದಿದ್ದ್ ಇದ್ದಂಗೆ ಯೋಳಿ."

ಅವನ ಹಿಂದೆ ಒಬ್ಬೊಬ್ಬರೇ ಬಂದರು. ಹಲವರಿಗೆ ಬಿ.ಪಿ. ಇತ್ತು. ಕಪ್ಪನೆಯ ತೋಳುಗಳು, ಸುಣ್ಣದ ಕಲೆಯವು, ಗದ್ದೆಯ ಕೆಸರಿನವು, ಒಂದೊಂದಾಗಿ ನರ್ಸಮ್ಮನ ತೊಡೆಯ ಮೇಲೆ ಬಂದು ಕೂತವು. ಅಣ್ಣ ಮಾತ್ರ ಅಲ್ಲೇ ನಿಂತಿದ್ದ. ನಾನು ಚಿಕ್ಕಪ್ಪನ ಮಗನ ಕೈಯಿಂದ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡೆ.

"ಬಾ. ಮುಗಿಸ್ತೀನಿ," ಎಂದೆ.

"ಎಡಗೈಲಾ? ನನ್ ಕಿವಿ ಏನಾಗ್ಬೇಕ್ಲಾ?"

"ನೀನೇ ಮುಗ್ಸು ಅಂದೋನು ನೀನೇ ತಾನೇ."

ಇಷ್ಟು ದಿನ ಕಾದವನಿಗೆ ಬೇರೆ ದಾರಿ ಇರಲಿಲ್ಲ. ಬಂದು ಕೂತ. ಟವಲು ಬಿಚ್ಚಿದ. ಯಾರೂ ನಗಲಿಲ್ಲ. ಕರಿ ಸೀರೆಯ ತುಂಡನ್ನು ಅವನ ಕೊರಳಿಗೆ ಸುತ್ತಿ, ಮಂಡಿಯವರೆಗೂ ಇಳಿಬಿಟ್ಟೆ. ನರ್ಸಮ್ಮನಿಗೆ ಕಣ್ಸನ್ನೆ ಮಾಡಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಟ್ಟೆಯ ಅಡಿಯಲ್ಲೇ ಅವನ ತೋಳು ಹುಡುಕಿ, ಅಡಿಯಲ್ಲೇ ಪಟ್ಟಿ ಸುತ್ತಿದರು. ನೋಡುವವರಿಗೆ ಅಣ್ಣ ಕ್ಷೌರಕ್ಕೆ ಕೂತಿದ್ದ, ಅಷ್ಟೇ. ಅಣ್ಣ ಬೆಚ್ಚಿದ. ಏಳಲು ಹೋದವನು ನನ್ನ ಕತ್ತರಿ ಕಿವಿಯ ಹತ್ತಿರವೇ ಇದ್ದುದರಿಂದ ಏಳಲಿಲ್ಲ. ಅವನ ಕುತ್ತಿಗೆಯ ನರ ಎದ್ದು ನಿಂತಿದ್ದು ನನಗೆ ಮೇಲಿಂದ ಕಾಣುತ್ತಿತ್ತು. ನರ್ಸಮ್ಮ ಒಮ್ಮೆ ನೋಡಿದರು. ಸ್ವಲ್ಪ ಬಿಟ್ಟು ಇನ್ನೊಮ್ಮೆ ನೋಡಿದರು. ಎದ್ದು ನನ್ನ ಕಿವಿಯಲ್ಲಿ, "ನಿಮ್ಮದಕ್ಕಿಂತ ಜಾಸ್ತಿ ಇದೆ ಸಾರ್. ನಾಳೆನೇ ಮಾತ್ರೆ ಶುರುವಾಗಬೇಕು. ಡಾಕ್ಟರ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ," ಎಂದರು.

ಅಣ್ಣ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಅವನು ಬಟ್ಟೆಯ ಅಡಿಯಿಂದ ಕೈ ಈಚೆ ತೆಗೆದು ಮಣಿಕಟ್ಟನ್ನು ನೋಡಿಕೊಳ್ಳುತ್ತಿದ್ದ.

"ಆ ಯಮ್ಮ ಕೈ ಇಡ್ಕಂಡ್ಲು ಕಣ್ಲಾ," ಎಂದ.

"ಹಿಡ್ಕಳದೆ ನೋಡಕಾಯ್ತದಾ?"

"ಅಪ್ಪಂದು ನೋಡಿದ್ರಲ್ಲ."

ಅಪ್ಪನನ್ನು ಆಸ್ಪತ್ರೆಗೆ ತೋರಿಸಿದ್ದರು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅಣ್ಣ ತಲೆ ಬಗ್ಗಿಸಿಕೊಂಡು, ನನಗೆ ಮಾತ್ರ ಕೇಳುವ ಹಾಗೆ ಹೇಳಿದ. ಸಾಯುವ ಕೆಲವು ದಿನ ಮೊದಲು ಅಪ್ಪನ ತಲೆನೋವಿಗೆ ಅವನೇ ಕರೆದುಕೊಂಡು ಹೋಗಿದ್ದನಂತೆ. ಯಾವ ಊರು, ಯಾವ ಡಾಕ್ಟರು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಮೇಜಿಂದ ಈಚಿಕ್ಕೆ ಬರ್ನಿಲ್ಲ ಆ ಡಾಕ್ಟ್ರು. ಅಪ್ಪ ಬಾಗ್ಲಾಚೆ ನಿಂತಿದ್ದ. ನಾಲ್ಗೆ ಚಾಚು ಅಂದ್ರು, ಚಾಚ್ದ. ಎಲ್ಲಿ ನೋವು ಅಂದ್ರು, ತಲೆ ಅಂದ. ಕೈ ಇಡ್ದು ನಾಡಿ ನೋಡ್ನಿಲ್ಲ. ಟವಲ್ ಇಡ್ಕ ಅಂದು ಮೇಲಿಂದ ಮಾತ್ರೆ ಪೊಟ್ಣ ಆಕುದ್ರು. ಬತ್ತಾ ದಾರೀಲಿ ಅಪ್ಪ ಅದ್ನ ಕಾಲ್ವೆಗೆ ಎಸ್ದುಬುಟ್ಟ. ಎಲ್ಲಾರ್ಗೂವೆ ಕ್ಷೌರ ಮಾಡೋನು ನಾನು, ಯಾರ್ ತಲೇನೂ ಮುಟ್ದೆ ಇರ್ನಿಲ್ಲ, ನನ್ನ ಮುಟ್ದೆ ಇರೋರ್ ಔಸ್ದಿ ನಂಗ್ಯಾಕ್ಲಾ ಅಂದ. ನಾನೂವೆ ಸುಮ್ಕಿದ್ದೆ. ಯಾರ್ಗೂ ಯೋಳ್ನಿಲ್ಲ. ಎಂಗ್ ಯೋಳನ?"

ನನ್ನ ಕತ್ತರಿ ನಿಂತಿತು. ನಾನು ಆಸ್ಪತ್ರೆಯಲ್ಲಿದ್ದಾಗ ಅವನು ಗೇಟಿನ ಆಚೆ ಮರದ ಕೆಳಗೆ ಕೂತಿದ್ದು ಯಾಕೆಂದು ಆಗ ತಿಳಿಯಿತು. ಅವನು ಹೊತ್ತಿದ್ದ ಆ ಬಾಗಿಲಿನ ನಾಚಿಕೆಯನ್ನು ನನ್ನ ಸೊಟ್ಟ ಬಾಯಿಯ ಲೆಕ್ಕಕ್ಕೆ ಹಾಕಿ, ಗೋಡೆ ಕಡೆ ತಿರುಗಿ ಅತ್ತಿದ್ದೆನಲ್ಲ. ಇಂಥ ತಮ್ಮನಿಗಾಗಿ ಅರ್ಧ ತಲೆಯಲ್ಲಿ ಊರು ತಿರುಗಿದನಲ್ಲ ಇವನು ಎನ್ನಿಸಿ ಕಣ್ಣು ಮಂಜಾಯಿತು. ಎಡಗೈ ಮೊದಲೇ ಬಾರದ್ದು, ಕಣ್ಣೂ ಕಾಣದೆ ಅವನ ಕಿವಿಯನ್ನು ನಿಜವಾಗಿಯೂ ಸ್ವಲ್ಪ ಕತ್ತರಿಸಿದೆ.

"ಆಯ್ತಲ್ಲ, ನಾನೇಳಿರ್ನಿಲ್ವಾ!" ಎಂದು ಅಣ್ಣ ಕಿವಿ ಹಿಡಿದುಕೊಂಡ. ಆಗ ಎಲ್ಲರೂ ನಕ್ಕರು. ಕ್ಷೌರವಂತೂ ಮುಗಿಯಿತು. ಆಡು ಮೇಯ್ದ ಹಾಗಿತ್ತು.

ಮಾರನೆಯ ದಿನ ಅವನು ಆಸ್ಪತ್ರೆಯ ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ನಿಂತುಬಿಟ್ಟನಂತೆ, ನರ್ಸಮ್ಮ ಕೈ ಹಿಡಿದು ಒಳಗೆ ಕರೆದೊಯ್ದರಂತೆ. ಮಾತ್ರೆ ಶುರುವಾಯಿತು. ಅದನ್ನು ಅವನು ಬೆಳಿಗ್ಗೆ ಕೊಟ್ಟಿಗೆಗೆ ಒಯ್ದು ನುಂಗುತ್ತಿದ್ದ, ಎಮ್ಮೆ ಬಿಟ್ಟು ಬೇರೆ ಯಾರೂ ನೋಡಬಾರದು. ಇದೇನು ನಾಚಿಕೆ ಎಂದು ಬೈಯಲು ಹೋದ ನಾನು ನನ್ನ ಮಾತ್ರೆಯನ್ನು ಎಲ್ಲಿ ನುಂಗುತ್ತೇನೆ ಎಂದು ಯೋಚಿಸಿ ಸುಮ್ಮನಾದೆ. ಬಚ್ಚಲುಮನೆಯಲ್ಲಿ ನುಂಗುತ್ತಿದ್ದೆ.

ಹೊಂಗೆಮರದ ಕೆಳಗೆ ನನ್ನ ಹಳೆಯ ಕಾನೂನು ಹೋಗಿ ಅಣ್ಣನ ಕಾನೂನು ಬಂತು. ತೋಳು ಕೊಡದವರಿಗೆ ಕತ್ತರಿ ಇಲ್ಲ. ಕುಡಿದು ಬಂದವರೂ ಕೂರಬಹುದು, ತೋಳು ಮಾತ್ರ ಕೊಡಬೇಕು. ನರ್ಸಮ್ಮ ವರ್ಗವಾಗಿ ಹೋಗುವವರೆಗೆ ಆಗಾಗ ಬಂದರು, ಆಮೇಲೆ ಅಂಥದೇ ಒಂದು ಬಿ.ಪಿ. ಪೆಟ್ಟಿಗೆ ತರಿಸಿ ನೋಡುವುದನ್ನು ನಾನು ಕಲಿತೆ. ಎಲ್ಲರನ್ನೂ ಉಳಿಸಿಕೊಂಡೆವು ಎಂದಲ್ಲ. ಗಾರೆಯವನು ಮಾತ್ರೆಯನ್ನು ಮನಸ್ಸು ಬಂದಾಗ ನುಂಗಿ, ಮನಸ್ಸು ಬಾರದಾಗ ಬಿಟ್ಟು, ಒಂದು ಬೇಸಿಗೆಯಲ್ಲಿ ಗೋಡೆಗೆ ಕಟ್ಟಿದ ಸಾರುವೆಯ ಮೇಲಿಂದ ಬಿದ್ದು ಸತ್ತುಹೋದ. ಅವನ ಅಳಿಯ ಈಗ ಮೊದಲು ತೋಳು ಚಾಚುವವನು.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ಕೇರಿಯ ಹುಡುಗರು ಬೇಲೂರಿನ ಸೆಲೂನುಗಳಿಗೆ ಹೋಗತೊಡಗಿದ್ದರು. ಕಲ್ಲಿನ ಮೇಲೆ ಕೂರುವವರು ನಮ್ಮ ವಯಸ್ಸಿನವರಷ್ಟೇ. ಒಂದು ಭಾನುವಾರ ಅಣ್ಣನಿಗೆ ಕ್ಷೌರ ಮಾಡುತ್ತಿದ್ದೆ. ನನ್ನ ಎಡಗೈ ಅಷ್ಟು ಹೊತ್ತಿಗೆ ಸುಮಾರಾಗಿ ಪಳಗಿತ್ತು. ಅವನು ತನ್ನ ಮಡಿಲನ್ನೇ ನೋಡುತ್ತ ಕೂತಿದ್ದ. ಕರಿ ಸೀರೆಯ ಮೇಲೆ ಬೀಳುತ್ತಿದ್ದ ಕೂದಲು ಬೆಳ್ಳಗಿತ್ತು. ಒಂದೆರಡು ಎಳೆಯಲ್ಲ, ಎಲ್ಲವೂ.

"ಅಪ್ಪನ್ಗಿಂತ ದೊಡ್ಡೋನಾಗ್ಬುಟ್ನಲ್ಲೋ," ಎಂದ. ದನಿಯಲ್ಲಿ ಸಂತೋಷ ಇರಲಿಲ್ಲ. "ನಾಚ್ಕೆ ಆಯ್ತದೆ ಕಣ್ಲಾ. ಅವ್ನಿಗಿಲ್ದಿದ್ದು ನಂಗೆ ಯಾಕೆ? ಮುದ್ಕ ಆಗೋದ್ ಎಂಗೆ ಅಂತ ನಮ್ಮನೇಲಿ ಯಾರ್ಲಾ ತೋರ್ಸ್ಕೊಟ್ಟವ್ರೆ?"

ನನಗೂ ಯಾರೂ ತೋರಿಸಿಕೊಟ್ಟಿರಲಿಲ್ಲ.

"ತಲೆ ಬಗ್ಗಿಸು," ಎಂದೆ. "ಹಿಂದುಗಡೆ ಇನ್ನೂ ಇದೆ."

ಅಣ್ಣ ತಲೆ ಬಗ್ಗಿಸಿದ.